ಹನ್ನೆರಡು ಟ್ಯಾಪೆಟ್, ಇಪ್ಪತ್ತು ನಿಮಿಷ

ಮೇಸ್ತ್ರಿಯ ಹತ್ತಿರ ಹಳೆಯ ಎಂಜಿನ್ ತರುವವರು ಮೊದಲು ಶೆಡ್ಡಿನ ಬಾಗಿಲಲ್ಲಿ ನಿಂತು ಅವನ ಮುಖ ನೋಡುತ್ತಿದ್ದರು. ಹುಬ್ಬು ಗಂಟಿಕ್ಕಿದ್ದರೆ ಎಂಜಿನ್ನನ್ನು ಅಲ್ಲೇ ಇಳಿಸಿ ತೆಪ್ಪಗೆ ಹೊರಟುಬಿಡುತ್ತಿದ್ದರು. ಏನಾಗಿದೆ ಎಂದು ಹೇಳುವ ಗೊಡವೆಗೂ ಹೋಗುತ್ತಿರಲಿಲ್ಲ, ಹೇಗೂ ಅದನ್ನು ಅವನೇ ಕಂಡುಹಿಡಿಯುತ್ತಾನೆ. ಐವತ್ತು ಅರವತ್ತು ವರ್ಷ ಹಳೆಯ ಎಂಜಿನ್ನುಗಳ ಹೊಟ್ಟೆಯೊಳಗಿನ ಸಂಗತಿ ಬಲ್ಲವರಲ್ಲಿ ಅವನನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಕೈ ಎತ್ತುವುದರಲ್ಲೂ ಇರಲಿಲ್ಲ.

'ಬೇಗ ಆಗುತ್ತಾ?' ಎಂದು ಮೂರನೇ ಸಲ ಕೇಳಿದ ಲಾರಿ ಮಾಲೀಕನೊಬ್ಬ ಎರಡು ಹಲ್ಲು ಅಲ್ಲೇ ಬಿಟ್ಟು ಹೋಗಿದ್ದ. ಬಿಚ್ಚಿಟ್ಟ ಸಿಲಿಂಡರ್ ಹೆಡ್ಡಿನ ಮೇಲೆ ಬಣ್ಣದ ಡಬ್ಬ ಇಟ್ಟ ಪೇಂಟರನ ತಲೆಗೆ ಮೇಸ್ತ್ರಿ ಅದೇ ಡಬ್ಬದಿಂದ ಬಾರಿಸಿದ್ದ. ಇಳಿಯುತ್ತಿರುವುದು ಬಣ್ಣವೋ ರಕ್ತವೋ ತಿಳಿಯದೆ ಅಕ್ಕಪಕ್ಕದವರು ಕಂಗಾಲಾಗಿದ್ದರು. ಕೆಲವರಿಗೆ ಕೋಪ ಮೂಗಿನ ತುದಿಯಲ್ಲಿರುತ್ತದೆ. ಇವನಿಗೆ ಬೆರಳ ತುದಿಯಲ್ಲಿತ್ತು. ಹೆಣ್ಣು ಕೊಡುವ ಯೋಚನೆಯಲ್ಲಿ ಬಂದವರು ಎರಡು ಸಲ ಶೆಡ್ಡಿನ ಬಾಗಿಲವರೆಗೆ ಬಂದು, ಒಳಗಿನ ಬೈಗುಳ ಕೇಳಿ, ವಿಳಾಸ ತಪ್ಪಿದವರ ಹಾಗೆ ಮುಂದಕ್ಕೆ ನಡೆದುಬಿಟ್ಟಿದ್ದರು. ಶೆಡ್ಡಿನ ಹಿಂದೆಯೇ ಒಂದು ಕೋಣೆ, ಅದರಲ್ಲಿ ಒಂದು ಮಂಚ, ಒಂದು ಒಲೆ. ಅವನ ಸಂಸಾರ ಅಷ್ಟೇ ಆಗಿತ್ತು.

ಇಷ್ಟು ಸಿಡುಕಿನ ಮನುಷ್ಯ ಆಯುಷ್ಯವಿಡೀ ಕೂತು ಆರಿಸಿದ್ದು ಹೆಬ್ಬೆರಳಿನ ಗಾತ್ರದ ಒಂದು ವಸ್ತುವನ್ನು. ಅದರ ಹೆಸರು ಟ್ಯಾಪೆಟ್. ಎಂಜಿನ್ನಿನೊಳಗೆ ಕ್ಯಾಮ್ ಶಾಫ್ಟ್ ಎಂಬ ಉದ್ದನೆಯ ಕಬ್ಬಿಣದ ಕೋಲು ತಿರುಗುತ್ತಿರುತ್ತದೆ, ಅದರ ಮೈಮೇಲೆ ಸಾಲಾಗಿ ಮೊಟ್ಟೆಯಾಕಾರದ ಉಬ್ಬುಗಳು. ಒಂದೊಂದು ಉಬ್ಬಿನ ಮೇಲೆ ಒಂದೊಂದು ಟ್ಯಾಪೆಟ್ ಕೂತಿರುತ್ತದೆ. ಉಬ್ಬು ಬಂದಾಗ ಮೇಲೇಳುತ್ತದೆ, ಎದ್ದಾಗ ತಲೆಯ ಮೇಲಿನ ಸರಳನ್ನು ತಳ್ಳಿ ವಾಲ್ವ್ ತೆರೆಸುತ್ತದೆ. ಟ್ಯಾಪೆಟ್ಟಿನ ತಳ ನೋಡುವುದಕ್ಕೆ ಸಪಾಟು, ಆದರೆ ಅದಕ್ಕೆ ಕೂದಲೆಳೆಯಷ್ಟು ಹೊಟ್ಟೆ ಬಂದಿರಬೇಕು. ಆ ಹೊಟ್ಟೆ ಇದ್ದರೆ ಅದು ಏರಿಳಿಯುತ್ತ ತನ್ನ ಜಾಗದಲ್ಲೇ ನಿಧಾನವಾಗಿ ಸುತ್ತುತ್ತದೆ, ಸುತ್ತಿದರೆ ಬಾಳುತ್ತದೆ. ಸುತ್ತದಿದ್ದರೆ ಒಂದೇ ಕಡೆ ಉಜ್ಜಿ ಉಜ್ಜಿ ಅರ್ಧ ಗಂಟೆಯಲ್ಲಿ ಉಬ್ಬನ್ನೇ ಬೋಳಿಸಿಬಿಡುತ್ತದೆ. ಕಬ್ಬಿಣದ ಪುಡಿ ಎಣ್ಣೆಯಲ್ಲಿ ಕಲೆತು ಎಂಜಿನ್ನಿನ ಮೂಲೆಮೂಲೆಗೆ ಹೋಗುತ್ತದೆ, ಅಲ್ಲಿಗೆ ಅದರ ಕತೆ ಮುಗಿಯಿತು.

ಹಳೆಯ ಕಾಲದ ಟ್ಯಾಪೆಟ್ಟುಗಳನ್ನು ಕಣ್ಣುಮುಚ್ಚಿ ಹಾಕಬಹುದಿತ್ತು. ಈಗ ಬರುವ ಡಬ್ಬಗಳು ಮಿರಮಿರ ಮಿಂಚುತ್ತವೆ, ಒಳಗಿನ ಮಾಲಿನ ಬಗ್ಗೆ ಮಾತಾಡದಿರುವುದೇ ವಾಸಿ. ಮೇಸ್ತ್ರಿ ಎರಡೆರಡನ್ನು ತೆಗೆದು ತಳಕ್ಕೆ ತಳ ಕೂಡಿಸಿ ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯುತ್ತಿದ್ದ. ಅಂಚಿನ ಸುತ್ತಲೂ ಬೆಳಕಿನ ಗೆರೆ ಕಾಣಬೇಕು, ಬೆರಳಲ್ಲಿ ಒತ್ತಿದರೆ ಒಂದಿಷ್ಟು ತೊನೆಯಬೇಕು. ಆಮೇಲೆ ಅಂಚಿಗೆ ಅರ ತಾಗಿಸುತ್ತಿದ್ದ. ಅರ ಜಾರಿದರೆ ಗಟ್ಟಿ, ಕಚ್ಚಿದರೆ ಮೆದು. ಮೆದುವಾದದ್ದನ್ನು ಅವನು ಕಸದ ಬುಟ್ಟಿಗೆ ಹಾಕುತ್ತಿರಲಿಲ್ಲ. ಎರಡು ಬೀದಿ ದಾಟಿ ಬಿಡಿಭಾಗದ ಅಂಗಡಿಗೆ ನಡೆದುಹೋಗಿ ಅಂಗಡಿಯವನತ್ತ ಬೀಸಿ ಎಸೆಯುತ್ತಿದ್ದ. ಅಂಗಡಿಯವನ ಹಣೆಯ ಮೇಲೆ ನಾಲ್ಕು ಹೊಲಿಗೆಯ ಗುರುತು ಇವತ್ತಿಗೂ ಇದೆ. ಆ ಟ್ಯಾಪೆಟ್ ಅರಕ್ಕೆ ಮೆದುವಾಗಿತ್ತು, ಹಣೆಗೆ ಸಾಕಷ್ಟು ಗಟ್ಟಿಯಾಗಿತ್ತು.

ಇನ್ನೊಂದು ನಿಯಮವನ್ನು ಅವನಿಗೆ ಕಲಿಸಿದ್ದು ಅವನ ಅಪ್ಪ. ಓಡಿದ ಎಂಜಿನ್ನಿನಿಂದ ಬಿಚ್ಚಿದ ಟ್ಯಾಪೆಟ್ ಮತ್ತೆ ಕೂರುವುದು ತನ್ನದೇ ಉಬ್ಬಿನ ಮೇಲೆ ಮಾತ್ರ, ಇನ್ನೊಂದರ ಮೇಲೆ ಕೂರಿಸಿದರೆ ಎರಡೂ ಹಾಳು. ಅದಕ್ಕೆಂದೇ ಅಪ್ಪ ಮರದ ಹಲಗೆಯೊಂದರಲ್ಲಿ ಹನ್ನೆರಡು ಕುಳಿ ಕೊರೆದಿದ್ದ, ಬಿಚ್ಚಿದ ಕ್ರಮದಲ್ಲೇ ಅವುಗಳಲ್ಲಿ ಇಡಬೇಕು. ಮಗ ಒಮ್ಮೆ ಮೂರನೆಯದನ್ನೂ ನಾಲ್ಕನೆಯದನ್ನೂ ಅದಲುಬದಲು ಮಾಡಿದಾಗ ಅಪ್ಪ ಒಂದೊಂದು ಕುಳಿಯ ಲೆಕ್ಕಕ್ಕೆ ಒಂದೊಂದರಂತೆ ಹನ್ನೆರಡು ಬಾರಿಸಿ, ಪ್ರತಿ ಏಟಿಗೂ ಅವನಿಂದಲೇ ಎಣಿಸಿಕೊಂಡಿದ್ದ. ಪಾಠ ಮರೆಯುವ ಪ್ರಶ್ನೆಯೇ ಇರಲಿಲ್ಲ. ಪಾಠದ ಜೊತೆಗೆ ಪಾಠ ಹೇಳುವ ವಿಧಾನವನ್ನೂ ಮಗ ಕಲಿತುಬಿಟ್ಟ.

ಅಪ್ಪ ಅಮ್ಮ ಹೋದ ಮೇಲೆ ಉಳಿದವನು ತಮ್ಮ, ಹದಿನಾಲ್ಕು ವರ್ಷ ಚಿಕ್ಕವ. ಎತ್ತಿ ಆಡಿಸಿದ್ದೂ ಮೇಸ್ತ್ರಿಯೇ, ಬೆನ್ನು ಮುರಿಯುವಂತೆ ಬಾರಿಸಿದ್ದೂ ಮೇಸ್ತ್ರಿಯೇ. ತಮ್ಮ ನಗುಮುಖದವ. ಗಿರಾಕಿಗಳು ಎಂಜಿನ್ನಿನ ಕಾಯಿಲೆಯನ್ನು ಅವನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದರು, ಅವನು ಹೊತ್ತು ನೋಡಿ ಅಣ್ಣನಿಗೆ ಮುಟ್ಟಿಸುತ್ತಿದ್ದ. ಇಪ್ಪತ್ತಾರನೇ ವಯಸ್ಸಿಗೆ ಅವನು ಎಂಜಿನ್ ಬಿಚ್ಚಿ ಕೂಡಿಸುವಷ್ಟು ಪಳಗಿದ್ದ.

ಆ ವರ್ಷ ಒಂದು ಮಧ್ಯಾಹ್ನ, ಹಳೆಯ ಲಾರಿಯೊಂದರ ಆರು ಸಿಲಿಂಡರಿನ ಎಂಜಿನ್ ಬಿಚ್ಚಿಟ್ಟಿದ್ದರು. ಮೇಸ್ತ್ರಿ ಲೇತ್ ಅಂಗಡಿಗೆ ಹೋಗಿದ್ದ. ಅಣ್ಣ ಬರುವಷ್ಟರಲ್ಲಿ ಒಂದಿಷ್ಟು ಕೆಲಸ ಮುಗಿಸಿ ಅವನನ್ನು ಖುಷಿಪಡಿಸಬೇಕೆಂದು ತಮ್ಮ, ಹಲಗೆಯಲ್ಲಿದ್ದ ಹನ್ನೆರಡು ಟ್ಯಾಪೆಟ್ಟುಗಳನ್ನು ಒಂದೇ ತೊಟ್ಟಿಯ ಸೀಮೆಎಣ್ಣೆಗೆ ಸುರಿದು, ಬ್ರಷ್ಷಿನಲ್ಲಿ ಉಜ್ಜಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದ. ಹಲಗೆಯನ್ನೂ ತೊಳೆದು ಬಿಸಿಲಿಗೆ ಇಟ್ಟ. ಅಷ್ಟರಲ್ಲಿ ಅಣ್ಣ ವಾಪಸು ಬಂದ.

"ನೋಡಣ್ಣ, ಹೆಂಗೆ ಹೊಳೀತಿವೆ," ಎಂದ.

ಮೇಸ್ತ್ರಿ ಬಟ್ಟೆ ನೋಡಿದ, ಖಾಲಿ ಹಲಗೆ ನೋಡಿದ. "ಯಾವ್ದು ಯಾವುದ್ರದ್ದು?" ಎಂದು ಕೇಳಿದ.

ತಮ್ಮನ ನಗು ಮುಖದ ಮೇಲೆಯೇ ನಿಂತುಹೋಯಿತು. ಪಕ್ಕದಲ್ಲಿದ್ದದ್ದು ಮರದ ಕೊಡತಿ. ಮೊದಲ ಏಟು ಹೆಗಲಿಗೆ ಬಿತ್ತು, ಎರಡನೆಯದು ಎಡಗಿವಿಗೆ. ತಮ್ಮ ಬೀಳುವಾಗ ಬಟ್ಟೆಯನ್ನೂ ಎಳೆದುಕೊಂಡೇ ಬಿದ್ದ, ಟ್ಯಾಪೆಟ್ಟುಗಳು ನೆಲದ ತುಂಬ ಉರುಳಿದವು. ಬಿದ್ದವನ ಪಕ್ಕೆಗೆ ಮೇಸ್ತ್ರಿ ಎರಡು ಒದ್ದ. ಅದನ್ನು ಬಿಟ್ಟು ಹೇಳಿದರೆ ಸುಳ್ಳಾಗುತ್ತದೆ. ಆಮೇಲೆ ಮಂಡಿಯೂರಿ ಕೂತು ಮೊದಲು ಹುಡುಕಿದ್ದು ಟ್ಯಾಪೆಟ್ಟುಗಳನ್ನು. ಹನ್ನೊಂದು ಸಿಕ್ಕಿದವು. ಹನ್ನೆರಡನೆಯದು ತಮ್ಮನ ತಲೆಯ ಕೆಳಗಿತ್ತು, ಅದನ್ನು ತೆಗೆಯಲು ತಲೆ ಎತ್ತಿದಾಗಲೇ ಕಿವಿಯಿಂದ ಹರಿಯುತ್ತಿದ್ದ ರಕ್ತ ಅವನಿಗೆ ಕಂಡಿದ್ದು.

ಎಡಗಿವಿ ಇನ್ನು ಕೇಳಿಸುವುದಿಲ್ಲ ಎಂದು ವೈದ್ಯರು ಹೇಳಿದರು. ತಮ್ಮ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ ಕೋಣೆ ಹಿಡಿದ, ಮದುವೆಯಾದ, ಹಳೆಯ ಲಾರಿಯೊಂದನ್ನು ಕೊಂಡು ಇಟ್ಟಿಗೆ ಮರಳು ಸಾಗಿಸುತ್ತ ಬದುಕಿದ. ಎಲ್ಲವೂ ಮೇಸ್ತ್ರಿಗೆ ಬೇರೆಯವರ ಬಾಯಿಂದ ತಿಳಿಯಿತು. ಹೋಗಿ ನೋಡುವ ಧೈರ್ಯ ಅವನಿಗಿರಲಿಲ್ಲ. ಹತ್ತು ಜನ ಸುತ್ತುಗಟ್ಟಿದರೂ ಹಿಂಜರಿಯದವನಿಗೆ ಒಬ್ಬ ತಮ್ಮನ ಬಾಗಿಲಿಗೆ ಹೋಗಲು ಕಾಲು ಬರಲಿಲ್ಲ.

ಅದರ ಬದಲು ಅವನು ಒಂದು ಹುಚ್ಚು ಕೆಲಸಕ್ಕೆ ಕೈಹಾಕಿದ. ತಮ್ಮ ಬೆರೆಸಿಬಿಟ್ಟ ಆ ಎಂಜಿನ್ನಿಗೆ ಹೊಂದುವ, ಹಳೆಯ ಕಾಲದ್ದಾದರೂ ಎಂದೂ ಓಡದ ಹನ್ನೆರಡು ಒಳ್ಳೆಯ ಟ್ಯಾಪೆಟ್ಟುಗಳನ್ನು ಹುಡುಕತೊಡಗಿದ. ಆ ಎಂಜಿನ್ನನ್ನು ಅದರ ಮಾಲೀಕ ಎಂದೋ ಗುಜರಿಗೆ ಹಾಕಿದ್ದ, ಆದರೂ ಹುಡುಕಿದ. ಮುಚ್ಚಿಹೋದ ಗ್ಯಾರೇಜುಗಳ ಅಟ್ಟ, ಗುಜರಿಯ ರಾಶಿ, ಸತ್ತ ಮೆಕ್ಯಾನಿಕ್ಕುಗಳ ಪೆಟ್ಟಿಗೆ, ಯಾವುದನ್ನೂ ಬಿಡಲಿಲ್ಲ. ನೂರನಲವತ್ತನ್ನು ಬೆಳಕಿಗೆ ಹಿಡಿದು, ಅರ ತಾಗಿಸಿ, ಹನ್ನೆರಡನ್ನು ಉಳಿಸಿಕೊಂಡ. ಒಂದು ದಿನವೂ ಓಡದ ಕ್ಯಾಮ್ ಶಾಫ್ಟ್ ಒಂದು ಸಿಕ್ಕಿತು. ಎಲ್ಲವನ್ನೂ ಎಣ್ಣೆ ಕಾಗದದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು ಮಂಚದ ಕೆಳಗೆ ತಳ್ಳಿದ. ಹಳೆಯ ಗಾಡಿಗಳ ಶೋಕಿಯವರು ಬಂದು ಕೈಕಾಲು ಹಿಡಿದರೂ ಕೊಡಲಿಲ್ಲ. ಯಾರಿಗೆ ಇಟ್ಟಿದ್ದೀಯ ಎಂದು ಕೇಳಿದವನೊಬ್ಬನನ್ನು ಕತ್ತು ಹಿಡಿದು ಬೀದಿಗೆ ನೂಕಿದ, ಏಕೆಂದರೆ ಉತ್ತರ ಅವನಿಗೂ ಗೊತ್ತಿರಲಿಲ್ಲ.

ಹನ್ನೊಂದು ವರ್ಷದ ಮೇಲೆ ಒಂದು ಬೆಳಗ್ಗೆ ಶೆಡ್ಡಿನ ಮುಂದೆ ಗೂಡ್ಸ್ ಗಾಡಿಯೊಂದು ನಿಂತಿತು. ಹಿಂದೆ ಅಂದಿನದೇ ಮಾದರಿಯ ಆರು ಸಿಲಿಂಡರಿನ ಎಂಜಿನ್, ಅದರ ಪಕ್ಕದಲ್ಲಿ ಹಗ್ಗ ಹಿಡಿದು ಕೂತ ಒಬ್ಬ ಹೆಂಗಸು. ಅವಳು ಬಾಗಿಲಲ್ಲಿ ನಿಂತು ಮುಖ ನೋಡುವ ಪದ್ಧತಿಯನ್ನೆಲ್ಲ ಅನುಸರಿಸಲಿಲ್ಲ, ನೇರ ಒಳಗೆ ಬಂದಳು.

"ನಾನು ನಿಮ್ ತಮ್ಮನ ಹೆಂಡ್ತಿ," ಎಂದಳು.

ಮೇಸ್ತ್ರಿ ಕೈ ಒರೆಸಿಕೊಂಡ. ಕೂರಲು ಏನಾದರೂ ಕೊಡಬೇಕೆಂದು ಸುತ್ತ ನೋಡಿದ, ಎಣ್ಣೆ ಹತ್ತದ ಜಾಗ ಒಂದೂ ಕಾಣಲಿಲ್ಲ.

"ಕೂರೋಕೆ ಬಂದಿಲ್ಲ ಭಾವ. ಲಾರಿಯಿಂದಾನೇ ನಮ್ ಊಟ. ಈ ವರ್ಷ ಮೂರ್ ಸಲ ಕ್ಯಾಮ್ ಹೋಯ್ತು. ಮೂರ್ ಸಲಾನೂ ಅಂಗಡಿಯಿಂದ ಹೊಸ ಟ್ಯಾಪೆಟ್ ತಂದು ಅವ್ರೇ ಹಾಕಿದ್ದು. ಹೋಗೋ ಮುಂಚೆ ಟಕಟಕ ಅಂತಿತ್ತಂತೆ, ಪಕ್ಕದ ಮನೆಯವ್ರಿಗೆಲ್ಲ ಕೇಳ್ಸಿದೆ. ಅವ್ರಿಗೆ ಕೇಳ್ಸಿಲ್ಲ."

ಮೇಸ್ತ್ರಿ ಗಾಡಿಯ ಹತ್ತಿರ ಹೋಗಿ ಎಂಜಿನ್ ಮುಟ್ಟಿ ನೋಡಿದ.

"ಎಂಜಿನ್ ಬ್ಲಾಕ್ ಲೇತಿಗೆ ಕೊಟ್ಟಿದ್ದೀನಿ ಅಂತ ಅವ್ರಿಗೆ ಹೇಳಿದ್ದೀನಿ. ಇಲ್ಲಿಗೆ ತಂದಿದ್ದು ಗೊತ್ತಾದ್ರೆ ಕೊಂದೇಬಿಡ್ತಾರೆ."

"ನಿನ್ನನ್ನಾ?"

"ನಿಮ್ಮನ್ನ."

"ಹಂಗಾದ್ರೆ ಸರಿ," ಎಂದ ಮೇಸ್ತ್ರಿ. "ಇಳ್ಸಮ್ಮ."

ಒಂಬತ್ತು ದಿನ ಅವನು ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಬ್ಲಾಕನ್ನು ಮೂರು ಸಲ ತೊಳೆದ, ಎಣ್ಣೆ ಹರಿಯುವ ಒಂದೊಂದು ದಾರಿಗೂ ತಂತಿ ತೂರಿಸಿ ಕಬ್ಬಿಣದ ಪುಡಿ ತೆಗೆದ. ತಮ್ಮ ಹಾಕಿದ್ದ ಟ್ಯಾಪೆಟ್ಟುಗಳನ್ನು ಕೂಡಿಸಿ ಬೆಳಕಿಗೆ ಹಿಡಿದರೆ ಒಂದು ಗೆರೆಯೂ ಕಾಣಲಿಲ್ಲ, ಅರ ತಾಗಿಸಿದರೆ ಸೀಮೆಸುಣ್ಣ ಕೆರೆದಂತೆ ಕೆರೆಯಿತು. ಅವನು ಅವನ್ನು ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋದ. ಹೋದವನು ಎಸೆಯಲಿಲ್ಲ, ಗಲ್ಲಾಪೆಟ್ಟಿಗೆಯ ಗಾಜಿನ ಮೇಲೆ ಒಂದೇ ಬಾರಿಗೆ ಸುರಿದ. ಗಾಜು ಬಿರುಕುಬಿಟ್ಟಿತು. "ನನ್ ತಮ್ಮಂಗೆ ಇಂಥದ್ದು ಕೊಟ್ಟಿದ್ದೀಯ," ಎಂದಷ್ಟೇ ಹೇಳಿ ಬಂದ. ಅಂಗಡಿಯವನಿಗೆ ಹಣೆಯ ಹೊಲಿಗೆ ನೆನಪಾಯಿತು, ಯಾರಿಗೆ ಏನು ಹೇಳಬೇಕೆಂಬುದೂ ಹೊಳೆಯಿತು.

ಒಂಬತ್ತನೇ ದಿನ ಟ್ರಂಕು ಹೊರಬಂತು. ಉಬ್ಬುಗಳಿಗೆಲ್ಲ ಮೊದಲ ಉಜ್ಜಾಟ ತಡೆಯುವ ಕಪ್ಪು ಪೇಸ್ಟ್ ಬಳಿದು, ಹನ್ನೆರಡು ಟ್ಯಾಪೆಟ್ಟುಗಳನ್ನು ಕೂರಿಸಿ, ಅವುಗಳ ತಲೆಯ ಮೇಲಿನ ಒಂದೊಂದು ಸರಳಿಗೂ ಒಂದು ಬಿಳಿ ಚುಕ್ಕಿ ಇಟ್ಟ. ಟ್ಯಾಪೆಟ್ ಸುತ್ತಿದರೆ ಸರಳು ಸುತ್ತುತ್ತದೆ, ಚುಕ್ಕಿ ಬಂದು ಹೋಗಿ ಮಾಡುತ್ತದೆ.

ಹೊಸ ಕ್ಯಾಮು ಹೊಸ ಟ್ಯಾಪೆಟ್ಟುಗಳಿಗೆ ಮೊದಲ ಇಪ್ಪತ್ತು ನಿಮಿಷವೇ ಆಯುಷ್ಯ ಬರೆಯುವ ಹೊತ್ತು. ಚಾಲೂ ಆದ ಕ್ಷಣದಿಂದ ಎಂಜಿನ್ ಜೋರಾಗಿಯೇ ಓಡಬೇಕು. ಸ್ವಲ್ಪ ಏರಿಸುತ್ತ, ಸ್ವಲ್ಪ ಇಳಿಸುತ್ತ, ಎಣ್ಣೆ ಎಲ್ಲ ಉಬ್ಬಿಗೂ ಚಿಮ್ಮುವಂತೆ ನೋಡಿಕೊಳ್ಳಬೇಕು. ನಡುವೆ ನಿಲ್ಲಿಸುವಂತಿಲ್ಲ, ನಿಧಾನಕ್ಕೆ ಬಿಡುವಂತಿಲ್ಲ. ಬಿಟ್ಟರೆ ಉಬ್ಬು ಹೋಯಿತು. ಇದು ಹೋದರೆ ಇಂಥ ಇನ್ನೊಂದು ಜೊತೆ ಎಲ್ಲೂ ಇಲ್ಲ, ಬ್ಲಾಕೂ ಇನ್ನೊಂದು ಪೆಟ್ಟು ತಾಳುವುದಿಲ್ಲ. ತಮ್ಮನ ಕಿವಿ ತೆಗೆದ ಕೈಯೇ ತಮ್ಮನ ಅನ್ನವನ್ನೂ ತೆಗೆದ ಹಾಗಾಗುತ್ತದೆ. ಒಂಬತ್ತು ದಿನವೂ ಮೇಸ್ತ್ರಿಯ ತಲೆಯಲ್ಲಿ ಇದ್ದದ್ದು ಇದೊಂದೇ.

ಹತ್ತನೇ ದಿನ ಬೆಳಗ್ಗೆ ಎಂಜಿನ್ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಮೇಲಿನ ಮುಚ್ಚಳ ತೆಗೆದಿತ್ತು, ಒಳಗಿನ ಸರಳುಗಳು ಕಾಣುತ್ತಿದ್ದವು. ರೇಡಿಯೇಟರ್ ಇರಲಿಲ್ಲ, ಡ್ರಮ್ಮಿನಿಂದ ಪೈಪಿನಲ್ಲಿ ನೀರು ಬಿಡಬೇಕಿತ್ತು. ತಮ್ಮನ ಹೆಂಡತಿ ಪೈಪ್ ಹಿಡಿದು ನಿಂತಳು. ಮೇಸ್ತ್ರಿ ಬಲಗೈಯನ್ನು ವೇಗ ಏರಿಸಿ ಇಳಿಸುವ ಥ್ರಾಟಲ್ ಮೇಲಿಟ್ಟು, ಗೋಡೆಯ ಗಡಿಯಾರ ನೋಡಿ, ಎಡಗೈಯಲ್ಲಿ ಚಾಲೂ ಮಾಡಿದ. ಮೊದಲ ಸುತ್ತಿಗೇ ಹತ್ತಿಕೊಂಡಿತು. ತಗಡಿನ ಚಾವಣಿ ನಡುಗಿತು, ಗೋಡೆಗೆ ತೂಗುಹಾಕಿದ್ದ ಸ್ಪ್ಯಾನರುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಬಿಳಿ ಚುಕ್ಕಿಗಳು ಸುತ್ತತೊಡಗಿದವು.

ಐದು ನಿಮಿಷ ಆಗಿರಬಹುದು. ಬಾಗಿಲ ಬೆಳಕಿಗೆ ಅಡ್ಡವಾಗಿ ಒಬ್ಬ ಬಂದು ನಿಂತ. ಕೈಯಲ್ಲಿ ಟೈರ್ ಬಿಚ್ಚುವ ಕಬ್ಬಿಣದ ಲಿವರ್ ಇತ್ತು. ಹನ್ನೊಂದು ವರ್ಷದಲ್ಲಿ ತಮ್ಮ ದಪ್ಪಗಾಗಿದ್ದ, ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಅಂಗಡಿಯವನು ತನ್ನ ಕೆಲಸ ಮಾಡಿ ಮುಗಿಸಿದ್ದ.

ತಮ್ಮ ಎಂಜಿನ್ನಿನ ಎದುರು ಬಂದು ನಿಂತು ಕೂಗಿದ. "ನನ್ ಎಂಜಿನ್ ಮೇಲಿಂದ ಕೈ ತೆಗಿ."

"ಇನ್ನೂ ಹದಿನೈದ್ ನಿಮಿಷ," ಎಂದು ಮೇಸ್ತ್ರಿ ಕೂಗಿದ.

"ತೆಗಿ ಅಂದೆ."

"ಹದಿನೈದ್ ನಿಮಿಷ ಆದ್ಮೇಲೆ ಕೊಲ್ಲು."

ಲಿವರ್ ಪಕ್ಕೆಗೆ ಬಿತ್ತು. ಒಳಗೆ ಏನೋ ಲಟಕ್ಕೆಂದಿತು. ಮೇಸ್ತ್ರಿ ಬಗ್ಗಿದ, ಎಂಜಿನ್ನಿನ ಸದ್ದೂ ಅವನ ಜೊತೆಗೇ ಒಂದು ಕ್ಷಣ ಕುಗ್ಗಿತು. ಬೆರಳುಗಳು ಮತ್ತೆ ಅದನ್ನು ಮೇಲಕ್ಕೆತ್ತಿದವು.

"ನಮ್ಮದೇ ಎಂಜಿನ್ನು, ಸರಿ ಮಾಡ್ತಿದ್ದಾರೆ, ನಾನೇ ತಂದಿದ್ದು," ಎಂದು ಹೆಂಡತಿ ಕಿರುಚಿದಳು. ಪೈಪ್ ಬಿಟ್ಟು ಗಂಡನ ತೋಳು ಹಿಡಿಯಲು ಹೊರಟಳು.

"ಪೈಪ್ ಬಿಡ್ಬೇಡಮ್ಮ," ಎಂದ ಮೇಸ್ತ್ರಿ. "ಎಂಜಿನ್ ಕಾಯುತ್ತೆ."

ಅವಳು ನಿಂತಲ್ಲೇ ನಿಂತಳು. ಅಳುತ್ತ, ಬೈಯುತ್ತ, ಪೈಪನ್ನು ಮಾತ್ರ ಅಲುಗಿಸದೆ ನಿಂತಳು.

"ಹಾಳಾದ್ರೆ ಹಾಳಾಗ್ಲಿ. ನಿನ್ ಕೈಲಿ ಸರಿಯಾಗೋದ್ ಬೇಡ," ಎಂದು ತಮ್ಮ ಬ್ಯಾಟರಿಯ ತಂತಿ ಕೀಳಲು ಬಗ್ಗಿದ. ಮೇಸ್ತ್ರಿ ಸೊಂಟವನ್ನು ಅಡ್ಡ ಹಾಕಿದ. ತಮ್ಮ ಅವನ ಮೊಣಕಾಲಿಗೆ ಒದ್ದ, ಮತ್ತೊಮ್ಮೆ ಒದ್ದ, ಬೆನ್ನಿಗೆ ಮೂರು ಸಲ ಲಿವರ್ ಇಳಿಸಿದ. ಮೇಸ್ತ್ರಿಯ ಎಡಗೈ ತಾನಾಗಿಯೇ ಗೋಡೆಗೆ ಹೋಯಿತು. ಅಲ್ಲಿ ಎಲ್ಲಕ್ಕಿಂತ ದೊಡ್ಡ ಸ್ಪ್ಯಾನರ್ ತೂಗುತ್ತಿತ್ತು. ಬೆರಳು ಮುಚ್ಚಿದವು, ಸ್ಪ್ಯಾನರ್ ಮೊಳೆಯಿಂದ ಕಳಚಿತು. ಎಲ್ಲಿ ಬೀಳಬೇಕೆಂಬುದು ಆ ಕೈಗೆ ಗೊತ್ತಿತ್ತು: ದವಡೆಯ ಮೂಲೆಗೆ, ಒಂದೇ ಏಟು. ನಲವತ್ತು ವರ್ಷದ ರೂಢಿ ಅದು. ತಮ್ಮನ ದವಡೆ ಒಂದು ಮೊಳ ದೂರದಲ್ಲಿತ್ತು, ಮತ್ತು ನಿಜ ಹೇಳಬೇಕೆಂದರೆ ಮೇಸ್ತ್ರಿಗೆ ಹೊಡೆಯಬೇಕೆನಿಸಿತು. ಬಾಯಲ್ಲಿ ನೀರೂರುವಷ್ಟು ಅನಿಸಿತು.

ಅವನು ಸ್ಪ್ಯಾನರನ್ನು ನೀರಿನ ಡ್ರಮ್ಮಿಗೆ ಎಸೆದುಬಿಟ್ಟ. ಅದು ದುಡುಂ ಎಂದು ಮುಳುಗಿತು.

ಅದನ್ನು ನೋಡಿ ತಮ್ಮನ ಸಿಟ್ಟು ಇನ್ನೂ ಏರಿತು. "ಈಗ ಸಾಧು ಆಗ್ಬಿಟ್ಯಾ? ಆವತ್ತೆಲ್ಲಿ ಹೋಗಿತ್ತು ಇದು?" ಎಂದು ಮುಷ್ಟಿಯಿಂದ ಬಾಯಿಗೆ ಗುದ್ದಿದ. ಮುಂದಿನ ಹಲ್ಲೊಂದು ನಾಲಿಗೆಯ ಮೇಲೆ ಬಂತು. ಮೇಸ್ತ್ರಿ ಅದನ್ನು ಉಗಿದು, ಗಡಿಯಾರ ನೋಡಿದ. ಒಂಬತ್ತು ನಿಮಿಷ ಉಳಿದಿತ್ತು.

"ಅದೇ ಕಿವಿ," ಎಂದ ತಮ್ಮ. "ಅದೇ ಕಿವೀನೇ ಕೊಡು."

ಮೇಸ್ತ್ರಿ ತಲೆ ಸರಿಸಲಿಲ್ಲ. ಸರಿಸಿದರೆ ಕೈ ಅಲುಗುತ್ತದೆ ಎಂದುಕೊಂಡನೋ, ಕೊಡಬೇಕಾದ್ದೇ ಎಂದುಕೊಂಡನೋ, ಆಮೇಲೆ ಕೇಳಿದರೆ ಅವನಿಗೇ ಹೇಳಲಾಗಲಿಲ್ಲ. ಲಿವರ್ ಎಡಗಿವಿಯ ಮೇಲೆ ಬಿತ್ತು. ಮೊದಲು ಬೆಂಕಿ ಹೊತ್ತಿದ ಹಾಗಾಯಿತು, ಆಮೇಲೆ ಲೋಕದ ಅರ್ಧ ಸದ್ದು ಇಲ್ಲವಾಯಿತು. ಕುತ್ತಿಗೆಯ ಮೇಲೆ ಬಿಸಿಯಾಗಿ ಇಳಿದದ್ದು ಅಂಗಿಯೊಳಗೆ ಹೋಯಿತು. ಹುಬ್ಬು ಒಡೆದು ಕಣ್ಣಿಗೂ ರಕ್ತ ಬಂತು.

ಎಂಜಿನ್ ಕುಗ್ಗಿದೆಯೋ, ತನಗೆ ಕೇಳಿಸುತ್ತಿಲ್ಲವೋ ಅವನಿಗೆ ತಿಳಿಯಲಿಲ್ಲ. ಗಾಬರಿಯಲ್ಲಿ ಥ್ರಾಟಲ್ ಹೆಚ್ಚಿಸಹೋದವನು ತಡೆದುಕೊಂಡ. ಗದ್ದವನ್ನು ಎಡ ಹೆಗಲ ಕಡೆಗೆ ತಿರುಗಿಸಿ, ಬಾಯಿ ಸ್ವಲ್ಪ ತೆರೆದು, ಬಲಗಿವಿಯನ್ನು ಎಂಜಿನ್ನಿನತ್ತ ಚಾಚಿ ನಿಂತ.

ಲಿವರ್ ಮತ್ತೆ ಮೇಲೆದ್ದಿತ್ತು. ಅದು ಮೇಲೆ ಎದ್ದಲ್ಲೇ ನಿಂತಿತು.

ಆ ಭಂಗಿ ತಮ್ಮನಿಗೆ ಗೊತ್ತಿತ್ತು. ಗದ್ದ ತಿರುಗಿಸಿ, ಬಾಯಿ ತೆರೆದು, ಬಲಗಿವಿ ಮುಂದೆ ಮಾಡಿ ನಿಲ್ಲುವುದು. ಅಂಗಡಿಯಲ್ಲಿ, ರಸ್ತೆಯಲ್ಲಿ, ಊಟಕ್ಕೆ ಕೂತಾಗ ಹೆಂಡತಿ ಏನೋ ಕೇಳಿದಾಗ ಅವನು ಹನ್ನೊಂದು ವರ್ಷದಿಂದ ಹೀಗೇ ನಿಲ್ಲುತ್ತಿದ್ದ. ಕನ್ನಡಿಯಲ್ಲಿ ಒಮ್ಮೆ ನೋಡಿ ನಾಚಿಕೆಪಟ್ಟಿದ್ದ. ಈಗ ಅದನ್ನು ಅಣ್ಣನ ಮೈಯಲ್ಲಿ ನೋಡಿದ. ಹೆಂಡತಿಯೂ ನೋಡಿದಳು, ಅವಳ ಬೈಗುಳ ನಿಂತಿತು.

"ಚುಕ್ಕಿ ಎಣ್ಸು," ಎಂದ ಮೇಸ್ತ್ರಿ.

"ಏನು?"

"ಸರಳಿನ ಮೇಲೆ ಬಿಳಿ ಚುಕ್ಕಿ. ಎಷ್ಟು ಸುತ್ತುತಿವೆ ನೋಡು. ನಂಗೆ ಕಾಣ್ತಿಲ್ಲ."

ತಮ್ಮ ಲಿವರ್ ಇಳಿಸಿ ಎಂಜಿನ್ನಿನ ಮೇಲೆ ಬಗ್ಗಿದ. ಚಿಮ್ಮುವ ಎಣ್ಣೆ ಮುಖಕ್ಕೆ ಬೀಳುತ್ತಿದ್ದರೂ ಲೆಕ್ಕಿಸದೆ ಒಂದೊಂದನ್ನೇ ಬೆರಳಲ್ಲಿ ತೋರಿಸುತ್ತ ಎಣಿಸಿದ. ಮೊದಲಿಂದ ಕೊನೆಗೆ ಎಣಿಸಿ, ಕೊನೆಯಿಂದ ಮೊದಲಿಗೆ ಎಣಿಸಿದ.

"ಹನ್ನೆರಡು," ಎಂದ. ಅಣ್ಣ ಮತ್ತೆ ಕಿವಿ ಚಾಚಿದ್ದು ನೋಡಿ ಇನ್ನೂ ಜೋರಾಗಿ ಹೇಳಿದ. "ಹನ್ನೆರಡೂ ಸುತ್ತುತಿವೆ."

ಮೇಸ್ತ್ರಿಯ ಮೊಣಕಾಲು ಅಷ್ಟರಲ್ಲಿ ಕೈಕೊಟ್ಟಿತು. ಕುಸಿಯುತ್ತಿದ್ದರೂ ಅವನ ಬೆರಳು ಥ್ರಾಟಲ್ ಬಿಡಲಿಲ್ಲ. ತಮ್ಮ ಲಿವರ್ ಬಿಸಾಕಿ, ಅಣ್ಣನ ಬೆರಳುಗಳ ಕೆಳಗೆ ತನ್ನ ಬೆರಳು ತೂರಿಸಿ, ಸದ್ದು ಕುಗ್ಗದಂತೆ ಕೈ ಬದಲಾಯಿಸಿಕೊಂಡ. ಮೇಸ್ತ್ರಿ ನೆಲದ ಮೇಲೆ ಕೂತ. ಉಳಿದ ಎಂಟು ನಿಮಿಷ ತಮ್ಮ ಅವನನ್ನು ಬೈದ. ಹನ್ನೊಂದು ವರ್ಷದ್ದು, ಅದಕ್ಕೂ ಹಿಂದಿನದ್ದು, ಬೆನ್ನಿನ ಮೇಲಿನ ಒಂದೊಂದು ಬಾಸುಂಡೆಯದ್ದು ಎಲ್ಲವನ್ನೂ ತೆಗೆದು ಹೆಸರು ಹಿಡಿದು ಬೈದ, ಕಾಲಲ್ಲಿ ಡ್ರಮ್ಮಿಗೆ ಒದ್ದ, ಅತ್ತ. ಕೈ ಮಾತ್ರ ಸ್ವಲ್ಪ ಏರಿಸಿ ಸ್ವಲ್ಪ ಇಳಿಸಿ ತನ್ನ ಕೆಲಸ ಮಾಡುತ್ತಿತ್ತು. ಬೈಗುಳದ ಅರ್ಧ ಮೇಸ್ತ್ರಿಗೆ ಕೇಳಿಸಲಿಲ್ಲ. ಕೇಳಿಸಿದ ಅರ್ಧಕ್ಕೆ ಅವನು ತಲೆದೂಗುತ್ತ ಕೂತಿದ್ದ.

ಎಂಜಿನ್ ನಿಂತ ಮೇಲೆ ತಮ್ಮ ಎಣ್ಣೆ ಇಳಿಸಿ, ಫಿಲ್ಟರ್ ಕೊಯ್ದು, ಬಿಸಿಲಿಗೆ ಹಿಡಿದು ನೋಡಿದ. ಕಪ್ಪು ಪೇಸ್ಟ್ ಇತ್ತು, ಹೊಳೆಯುವ ಪುಡಿ ಒಂದು ಚಿಟಿಕೆಯೂ ಇರಲಿಲ್ಲ. ಎಂಜಿನ್ ಹೇರಿಸಿಕೊಂಡು ಹೋದ. ಮೇಸ್ತ್ರಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ತಮ್ಮನ ಹೆಂಡತಿ. ಮೂರು ಪಕ್ಕೆಲುಬು, ಒಂದು ಹಲ್ಲು, ಎಡಗಿವಿ. ಹೇಗಾಯಿತು ಎಂದು ವೈದ್ಯರು ಕೇಳಿದರು. ಬಿದ್ದೆ ಎಂದ. ಅವರು ನಂಬಲಿಲ್ಲ, ಆದರೂ ಹಾಗೆಂದೇ ಬರೆದುಕೊಂಡರು.

ಲಾರಿ ಓಡಿತು. ಎರಡು ತಿಂಗಳಾದ ಮೇಲೆ ಒಂದು ಬೆಳಗ್ಗೆ ತಮ್ಮ ಶೆಡ್ಡಿಗೆ ಬಂದ. ಕೈಯಲ್ಲಿ ಯಾರದೋ ಎಂಜಿನ್ನಿಗೆಂದು ತಂದ ಟ್ಯಾಪೆಟ್ಟಿನ ಡಬ್ಬ.

"ಆರ್ಸಿ ಕೊಡು," ಎಂದು, ಮೊದಲಿನಂತೆ ಬೆಂಚಿನ ಮೇಲೆ ಅಣ್ಣನ ಪಕ್ಕ ಕೂತ.

ಅಣ್ಣ ಏನೋ ಹೇಳಿದ. ತಮ್ಮನಿಗೆ ಕೇಳಿಸಲಿಲ್ಲ, ಎದ್ದು ಬಂದು ಇನ್ನೊಂದು ಪಕ್ಕ ಕೂತ. ಈಗ ತಮ್ಮ ಹೇಳಿದ್ದು ಅಣ್ಣನಿಗೆ ಕೇಳಿಸಲಿಲ್ಲ. ಇಬ್ಬರದ್ದೂ ಎಡಗಿವಿ ಹೋಗಿದೆ, ಪಕ್ಕಪಕ್ಕ ಹೇಗೆ ಕೂತರೂ ಒಬ್ಬನಿಗೆ ನಷ್ಟ. ಎರಡು ಸಲ ಹೀಗೆ ಎದ್ದು ಕೂತಾದ ಮೇಲೆ ತಮ್ಮ ಬೈದುಕೊಳ್ಳುತ್ತ ಒಂದು ಮರದ ಪೆಟ್ಟಿಗೆ ಎಳೆದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಂತೆ ಎದುರಿಗೇ ಕೂತ.

ಮೇಸ್ತ್ರಿ ಎರಡು ಟ್ಯಾಪೆಟ್ ತೆಗೆದು ತಳಕ್ಕೆ ತಳ ಕೂಡಿಸಿ, ಕಿಟಕಿಯ ಬೆಳಕಿಗೆ ಹಿಡಿಯಲು ಥಟ್ಟನೆ ಕೈ ಎತ್ತಿದ.

ತಮ್ಮನ ತಲೆ ಹಿಂದಕ್ಕೆ ಹೋಯಿತು. ಎರಡೂ ಕೈ ಮುಖಕ್ಕೆ ಅಡ್ಡ ಬಂದವು. ನಲವತ್ತರ ಹತ್ತಿರದ, ಈ ಅಣ್ಣನನ್ನು ಹೊಡೆದು ಮಲಗಿಸಿದ ಗಂಡಸು ಕಣ್ಣು ಮುಚ್ಚಿ ಏಟಿಗೆ ಕಾದು ಕೂತ. ಆಮೇಲೆ ಕಣ್ಣು ಬಿಟ್ಟು, ನಾಚಿಕೆಯಾಗಿ, ಮೂಗು ಒರೆಸಿಕೊಂಡ.

ಮೇಸ್ತ್ರಿ ಮೆಲ್ಲಗೆ ಕೈ ಇಳಿಸಿ ತೊಡೆಯ ಮೇಲಿಟ್ಟುಕೊಂಡ.

"ನೀನೇ ಹಿಡ್ದು ನೋಡು," ಎಂದ. "ಬೆಳಕು ಕಾಣುತ್ತಾ?"

ತಮ್ಮ ತೆಗೆದುಕೊಂಡು ಕಿಟಕಿಗೆ ಹಿಡಿದ. "ಇಲ್ಲ."

"ಹಂಗಾದ್ರೆ ಬೇಡ. ಬೇರೆದು ತೆಗಿ."

ಈಗಲೂ ಟ್ಯಾಪೆಟ್ ಆರಿಸುವಾಗ ಅವರು ಹಾಗೆ ಎದುರುಬದುರು ಕೂರುತ್ತಾರೆ. ಬೆಳಕಿಗೆ ಎತ್ತಿ ಹಿಡಿಯುವ ಕೆಲಸ ತಮ್ಮನದು. ಅವನಿಗೆ ಏನೇ ಕೊಡುವುದಿದ್ದರೂ ಮೇಸ್ತ್ರಿ ಕೈ ಎತ್ತದೆ, ತೊಡೆಯ ಮೇಲಿಂದಲೇ ನಿಧಾನಕ್ಕೆ ಮುಂದೆ ಜರುಗಿಸಿ ಕೊಡುತ್ತಾನೆ.